ಬಿದ್ದವನು ಒಬ್ಬನೇ ಆದರೆ ಪರಿಹಾರ ಕೊಡುವವರು ಯಾರು?

(ಕಾಲೇಜೊಂದರ ಎನ್‌ಎಸ್‌ಎಸ್ ಶಿಬಿರದಲ್ಲಿ ನಡೆದ ಕಾನೂನು ಅರಿವು ಕಾರ್ಯಕ್ರಮದ ಮಾತುಗಳಿವು. ಬರೆಯುವಾಗ ಕೆಲವು ಅಂಕಿಗಳನ್ನು ಸೇರಿಸಿದ್ದೇನೆ, ಒಂದೆರಡು ಜೋಕುಗಳನ್ನು ಕೈಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನಾನು ತಾಲ್ಲೂಕು ಕೋರ್ಟಿನಲ್ಲಿ ವಕೀಲಿಕೆ ಮಾಡುವವಳು. ಹೆಚ್ಚಾಗಿ ನೋಡುವುದು ಅಪಘಾತ ಪರಿಹಾರದ ಪ್ರಕರಣಗಳನ್ನು. ಕೋರ್ಟಿನ ಆವರಣದಲ್ಲಿ ಅವಕ್ಕೆ ಎಂವಿಸಿ ಕೇಸು ಅಂತಲೇ ಹೆಸರು. ಕಾನೂನಿನ ಕಲಮುಗಳಿಂದ ಶುರು ಮಾಡಿದರೆ ಹಿಂದಿನ ಸಾಲಿನವರು ಮೊಬೈಲ್ ತೆಗೆಯುತ್ತೀರಿ, ಗೊತ್ತು. ಅದಕ್ಕೇ ಒಬ್ಬ ಕಕ್ಷಿದಾರರ ಕಥೆಯಿಂದ ಶುರು ಮಾಡುತ್ತೇನೆ.

ಹುರುಳಿ ಕೊಯ್ಲಿನ ಕಾಲ. ಕೈಗೆ ಜೋಲಿ ಕಟ್ಟಿಕೊಂಡು ಒಬ್ಬರು ನನ್ನ ಆಫೀಸಿಗೆ ಬಂದರು. ಊರ ಹೊರಗೆ ಡಾಂಬರು ರಸ್ತೆಯುದ್ದಕ್ಕೂ ಹುರುಳಿ ಗಿಡ ಹರಡಿದ್ದರಂತೆ, ಹೋಗೋ ಬರೋ ಗಾಡಿಗಳೇ ಒಕ್ಕಣೆ ಮಾಡಿಕೊಡಲಿ ಅಂತ. ಸಂಜೆಯ ಮಬ್ಬಿನಲ್ಲಿ ಇವರ ಬೈಕಿನ ಮುಂದಿನ ಚಕ್ರ ಅದರ ಮೇಲೆ ಜಾರಿತು. ಭುಜದ ಮೂಳೆ ಮುರಿದು, ಪ್ಲೇಟು ಹಾಕಿಸಿ, ಮೂರು ತಿಂಗಳಿಂದ ಕೆಲಸವಿಲ್ಲ.

"ಎಷ್ಟು ಸಿಗುತ್ತೆ ಮೇಡಂ?" ಅಂದರು.

"ಗುದ್ದಿದ್ದು ಯಾವ ಗಾಡಿ?"

"ಯಾವುದೂ ಗುದ್ದಲಿಲ್ಲ, ನಾನೇ ಬಿದ್ದದ್ದು. ಇನ್ಶೂರೆನ್ಸ್ ಇದೆಯಲ್ಲ ಮೇಡಂ, ಕರೆಕ್ಟಾಗಿ ಕಟ್ಟಿದೀನಿ."

ಈ ಉತ್ತರ ಕೇಳಿದಾಗೆಲ್ಲ ನನಗೆ ಸಂಕಟ ಆಗುತ್ತದೆ. ಏಕೆಂದರೆ ಮುಂದೆ ನಾನು ಹೇಳಬೇಕಾದ ಮಾತು ಅವರು ನಂಬಿಕೊಂಡು ಬಂದದ್ದಕ್ಕೆ ಪೂರ್ತಿ ಉಲ್ಟಾ.

1988ರ ಮೋಟಾರು ವಾಹನ ಕಾಯ್ದೆಯ 146ನೇ ಕಲಮು ಪ್ರತಿ ಗಾಡಿಗೂ ವಿಮೆ ಕಡ್ಡಾಯ ಮಾಡಿದೆ. ಆದರೆ ಯಾವ ವಿಮೆ? ಥರ್ಡ್ ಪಾರ್ಟಿ ವಿಮೆ. ಗಾಡಿಯ ಮಾಲೀಕ ಮೊದಲನೆಯವನು, ವಿಮಾ ಕಂಪನಿ ಎರಡನೆಯದು, ನಿಮ್ಮ ಗಾಡಿಯಿಂದ ಪೆಟ್ಟು ತಿಂದ ಹೊರಗಿನವನು ಮೂರನೆಯವನು. ಕಾನೂನು ಕಾಪಾಡಲು ಹೊರಟಿರುವುದು ಆ ಮೂರನೆಯವನನ್ನು. ನಿಮ್ಮ ಬೈಕು ರಸ್ತೆ ದಾಟುತ್ತಿದ್ದ ಅಜ್ಜಿಗೆ ಗುದ್ದಿದರೆ ಅಜ್ಜಿಗೆ ಪರಿಹಾರ ಇದೆ. ನೀವೇ ಜಾರಿ ಬಿದ್ದರೆ ಆ ಪಾಲಿಸಿಯಲ್ಲಿ ನೀವು ಮೂರನೆಯವರಲ್ಲ, ಮೊದಲನೆಯವರು.

ಹಾಗಾದರೆ ಏನೂ ಇಲ್ಲವೇ? ಒಂದು ಇದೆ. ಮಾಲೀಕ ಸವಾರರ ವೈಯಕ್ತಿಕ ಅಪಘಾತ ವಿಮೆ, 15 ಲಕ್ಷ ರೂಪಾಯಿಯದು. ಮಾಲೀಕನೇ ಗಾಡಿ ಓಡಿಸುತ್ತಿರಬೇಕು, ಅವನ ಹೆಸರಲ್ಲಿ ಚಾಲ್ತಿ ಲೈಸೆನ್ಸ್ ಇರಬೇಕು. ಸಾವು ಅಥವಾ ಅಂಗ, ಕಣ್ಣು ಕಳೆದುಕೊಳ್ಳುವಂಥ ದೊಡ್ಡ ಹಾನಿಗೆ ಮಾತ್ರ ಅದು ಅನ್ವಯಿಸುತ್ತದೆ. ಭುಜ ಮುರಿದದ್ದಕ್ಕೆ ಸಾಮಾನ್ಯವಾಗಿ ಬರುವುದಿಲ್ಲ. ಇದರಲ್ಲಿ ಇನ್ನೊಂದು ಮೋಸ ಹೋಗುವ ಜಾಗವಿದೆ. 2018ರ ಸೆಪ್ಟೆಂಬರ್‌ನಿಂದ ಹೊಸ ದ್ವಿಚಕ್ರ ವಾಹನ ಕೊಂಡರೆ 5 ವರ್ಷದ ಥರ್ಡ್ ಪಾರ್ಟಿ ವಿಮೆ ಒಟ್ಟಿಗೇ ಬರುತ್ತದೆ. "ಐದು ವರ್ಷ ಇನ್ಶೂರೆನ್ಸ್ ಇದೆ, ಯೋಚನೆ ಇಲ್ಲ" ಅಂತ ಜನ ಆರಾಮಾಗಿರುತ್ತಾರೆ. ಗಾಡಿಯ ಸ್ವಂತ ಹಾನಿಯ ಭಾಗ, ವೈಯಕ್ತಿಕ ಅಪಘಾತದ ಭಾಗ ಬಹಳಷ್ಟು ಪಾಲಿಸಿಗಳಲ್ಲಿ ಒಂದೇ ವರ್ಷಕ್ಕೆ ಮುಗಿದಿರುತ್ತದೆ. ಈಗ ಮನೆಗೆ ಹೋದ ಮೇಲೆ ಪಾಲಿಸಿ ತೆಗೆದು ನೋಡಿ. ಮೂರು ಸಾಲು, ಮೂರು ಬೇರೆ ಬೇರೆ ತಾರೀಖು ಇರಬಹುದು.

ಆ ಕಕ್ಷಿದಾರರು ಹೊರಡುವಾಗ ಬಾಗಿಲಲ್ಲಿ ನಿಂತು ಮೆಲ್ಲಗೆ ಕೇಳಿದರು: "ನಮ್ಮ ಅಣ್ಣನ ಟ್ರ್ಯಾಕ್ಟರ್ ಇದೆ ಮೇಡಂ, ಅದು ಗುದ್ದಿದ್ದು ಅಂತ..." ಮಾತು ಮುಗಿಸಲಿಲ್ಲ. ನಾನೂ ಮುಗಿಸಲು ಬಿಡಲಿಲ್ಲ. ಇಂಥ ಸಲಹೆ ಕೊಡುವವರು ಊರಲ್ಲಿ ಸಿಗುತ್ತಾರೆ. ಸುಳ್ಳು ಗಾಡಿ ಇಟ್ಟರೆ ಕ್ಲೇಮು ಬಿದ್ದುಹೋಗುವುದಷ್ಟೇ ಅಲ್ಲ, ಕ್ರಿಮಿನಲ್ ಕೇಸಾಗಿ ಅಣ್ಣ ತಮ್ಮ ಇಬ್ಬರೂ ಆರೋಪಿಗಳಾಗುತ್ತಾರೆ.

ಬೇರೆಯವರ ಗಾಡಿ ಕೇಳಿಕೊಂಡು ಹೋಗುವವರು ಇಲ್ಲಿ ಎಷ್ಟು ಜನ ಇದ್ದೀರಿ? ಕೈ ಎತ್ತಬೇಡಿ, ನೋಡಿದರೇ ಗೊತ್ತಾಗುತ್ತದೆ. 2009ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಒಂದು ಪ್ರಕರಣ ನಮ್ಮ ರಾಜ್ಯದ್ದೇ. ಇಳಕಲ್‌ನಿಂದ ತನ್ನೂರು ಗುಡೂರಿಗೆ ಹೊರಟ ಒಬ್ಬ ವ್ಯಕ್ತಿ ಬೇರೆಯವರ ಬೈಕ್ ಪಡೆದು ಹೋಗುತ್ತಿದ್ದ. ಮುಂದೆ ಕಬ್ಬಿಣದ ಹಾಳೆ ಹೇರಿಕೊಂಡಿದ್ದ ಎತ್ತಿನಗಾಡಿ ಇದ್ದಕ್ಕಿದ್ದಂತೆ ನಿಂತಿತು. ಬೈಕು ಅದಕ್ಕೆ ಗುದ್ದಿ ಆತ ತೀರಿಕೊಂಡ. ಮನೆಯವರು ಆ ಬೈಕಿನ ವಿಮಾ ಕಂಪನಿಯಿಂದ ಪರಿಹಾರ ಕೇಳಿದರು. ಯಾರ ತಪ್ಪೆಂದು ಸಾಬೀತು ಮಾಡದೆಯೇ ಪರಿಹಾರ ಸಿಗುವ ಕಲಮೊಂದು ಆಗ ಇತ್ತು, ಅದರ ಅಡಿಯಲ್ಲಿ. ಕೋರ್ಟು ಹೇಳಿದ್ದು: ಗಾಡಿ ಎರವಲು ಪಡೆದವನು ಮಾಲೀಕನ ಜಾಗದಲ್ಲಿ ನಿಂತ ಹಾಗೆ, ಮಾಲೀಕ ತನ್ನಿಂದ ತಾನೇ ಪರಿಹಾರ ಕೇಳಲಾಗದು. ಬೇರೆ ಕಲಮಿನಡಿ ಏನಾದರೂ ಸಾಧ್ಯವೇ ಎಂದು ನೋಡಲು ಪ್ರಕರಣವನ್ನು ಹೈಕೋರ್ಟಿಗೆ ಮರಳಿಸಿತು. ನಾನು ಈ ತೀರ್ಪು ಓದಿದಾಗೆಲ್ಲ ಕಾನೂನಿಗಿಂತ ಆ ಎತ್ತಿನಗಾಡಿಯೇ ಕಣ್ಣ ಮುಂದೆ ಬರುತ್ತದೆ. ಎತ್ತಿನಗಾಡಿಗೆ ವಿಮೆ ಇರುವುದಿಲ್ಲ.

ಹಿಂದೆ ಕೂತವರ ಕಥೆ ಇನ್ನೂ ಸೂಕ್ಷ್ಮ. ತಪ್ಪು ಎದುರಿನ ಲಾರಿಯದಾದರೆ ಹಿಂಬದಿ ಸವಾರನಿಗೆ ಲಾರಿಯ ವಿಮೆಯಿಂದ ಪರಿಹಾರ ಬರುತ್ತದೆ, ತೊಂದರೆ ಇಲ್ಲ. ತಪ್ಪು ಬೈಕ್ ಓಡಿಸಿದ ಗೆಳೆಯನದೇ ಆದರೆ? ಬೈಕಿಗೆ ಬರೀ ಥರ್ಡ್ ಪಾರ್ಟಿ ಪಾಲಿಸಿ ಇದ್ದರೆ ಹಿಂಬದಿ ಸವಾರನ ಹೊಣೆ ಕಂಪನಿಗೆ ಇಲ್ಲ ಅಂತ 2006ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಪ್ಯಾಕೇಜ್ ಪಾಲಿಸಿ, ಅಂದರೆ ಕಾಂಪ್ರಹೆನ್ಸಿವ್ ಇದ್ದರೆ ಕಂಪನಿ ಕೊಡಬೇಕು; ಅದು 2012ರ ತೀರ್ಪು. ಗೆಳೆಯ ವಿಮೆ ನವೀಕರಿಸುವಾಗ ಒಂದಷ್ಟು ನೂರು ರೂಪಾಯಿ ಉಳಿಸಲು ಯಾವ ಪಾಲಿಸಿ ಆರಿಸಿದ ಎನ್ನುವುದರ ಮೇಲೆ ನಿಮ್ಮ ಹಕ್ಕು ನಿಂತಿರುತ್ತದೆ. ಇಲ್ಲದಿದ್ದರೆ ಗೆಳೆಯನ ಮೇಲೆಯೇ ತೀರ್ಪು ತೆಗೆದುಕೊಂಡು ಅವನ ಮನೆ ಬಾಗಿಲಿಗೆ ಹೋಗಬೇಕು. ಹೋಗುತ್ತೀರಾ?

ಈಗ ಬೇರೆಯವರೇ ಗುದ್ದಿದ ಪ್ರಕರಣಕ್ಕೆ ಬರೋಣ. ಇಲ್ಲಿ ಕಾನೂನು ನಿಮ್ಮ ಕಡೆ ಇದೆ. ಕೇಸು ಹಾಳಾಗುವುದು ಕೋರ್ಟಿನಲ್ಲಲ್ಲ, ಆಸ್ಪತ್ರೆಯ ಮೊದಲ ಹತ್ತು ನಿಮಿಷದಲ್ಲಿ.

ಕ್ಯಾಶುವಾಲ್ಟಿಯಲ್ಲಿ ಡ್ಯೂಟಿ ಡಾಕ್ಟರು ಕೇಳುತ್ತಾರೆ, ಏನಾಯ್ತು? ಕರೆತಂದ ನೆಂಟರು ಗಾಬರಿಯಲ್ಲಿ ಹೇಳುತ್ತಾರೆ, "ಬೈಕಿಂದ ಬಿದ್ದ ಸರ್." ನಮ್ಮ ಮಾತಿನಲ್ಲಿ ಅದು ಸರಿಯೇ, ಕಾರು ಗುದ್ದಿದ್ದರಿಂದ ಬಿದ್ದ ಅಂತ ಅರ್ಥ. ಡಾಕ್ಟರು ಎಂಎಲ್‌ಸಿ ಪುಸ್ತಕದಲ್ಲಿ, ಅಂದರೆ ಪೊಲೀಸ್ ಕೇಸಾಗಬಹುದಾದ ಗಾಯಗಳ ದಾಖಲೆಯಲ್ಲಿ, ಬರೆಯುವುದು ಸ್ಕಿಡ್ ಆಗಿ ಬಿದ್ದದ್ದು ಅಂತ. ಎರಡು ವರ್ಷ ಆದ ಮೇಲೆ ವಿಮಾ ಕಂಪನಿಯ ವಕೀಲರು ಅದೇ ಹಾಳೆಯನ್ನು ಎತ್ತಿ ಹಿಡಿದು ಕೇಳುತ್ತಾರೆ: ಮೊದಲ ದಿನ ಕಾರೇ ಇರಲಿಲ್ಲ, ಆಮೇಲೆ ಎಲ್ಲಿಂದ ಬಂತು? ನಾನೂ ಆ ಕಡೆ ಇದ್ದಿದ್ದರೆ ಅದನ್ನೇ ಕೇಳುತ್ತಿದ್ದೆ. ಆದ್ದರಿಂದ ಆಸ್ಪತ್ರೆಯಲ್ಲಿ ಪೂರ್ತಿ ವಾಕ್ಯ ಹೇಳಿ. ಎಲ್ಲಿ, ಎಷ್ಟು ಹೊತ್ತಿಗೆ, ಯಾವ ಗಾಡಿ, ಯಾವ ಕಡೆಯಿಂದ. ನಂಬರ್ ಗೊತ್ತಿದ್ದರೆ ನಂಬರ್. ಗೊತ್ತಿಲ್ಲದಿದ್ದರೆ ಊಹಿಸಿ ಹೇಳಬೇಡಿ, "ಬಿಳಿ ಕಾರು, ನಂಬರ್ ನೋಡಿಲ್ಲ" ಅಂದರೆ ಸಾಕು.

ಗಾಯಾಳುವನ್ನು ಎತ್ತಿ ತಂದವರಿಗೆ ಇವತ್ತಿಗೂ ಪೊಲೀಸ್ ಸ್ಟೇಷನ್ನಿನ ಭಯ ಇದೆ. 134ಎ ಕಲಮು ಜೀವರಕ್ಷಕರಿಗೆ ರಕ್ಷಣೆ ಕೊಟ್ಟಿದೆ. ಹೆಸರು ಹೇಳಲೇಬೇಕೆಂದು ಒತ್ತಾಯಿಸುವಂತಿಲ್ಲ. ಚಿಕಿತ್ಸೆಯ ಹಣದ ಬಗ್ಗೆಯೂ ಒಂದು ಮಾತು: 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿದ ನಗದುರಹಿತ ಚಿಕಿತ್ಸಾ ಯೋಜನೆಯಲ್ಲಿ ಅಪಘಾತದ ದಿನದಿಂದ 7 ದಿನದವರೆಗೆ, ಗರಿಷ್ಠ 1.5 ಲಕ್ಷ ರೂಪಾಯಿ ತನಕ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಚಿಕಿತ್ಸೆ ಸಿಗಬೇಕು. ಕೌಂಟರಿನಲ್ಲಿ ಯೋಜನೆಯ ಹೆಸರು ಹೇಳಿ ಕೇಳಿ. ಕೇಳದಿದ್ದರೆ ಅವರಾಗಿ ಹೇಳುತ್ತಾರೆಂಬ ಭರವಸೆ ನನಗಿಲ್ಲ.

ಆಮೇಲೆ ಗಡುವು. ಪರಿಹಾರ ಕೇಳುವ 166ನೇ ಕಲಮಿನ ಅರ್ಜಿಯನ್ನು ಅಪಘಾತದ ದಿನದಿಂದ 6 ತಿಂಗಳೊಳಗೆ ನ್ಯಾಯಮಂಡಳಿಗೆ, ಅಂದರೆ ಅಪಘಾತ ಪರಿಹಾರದ ಕೋರ್ಟಿಗೆ, ಹಾಕಬೇಕು. ಈ ನಿಯಮ 2022ರ ಏಪ್ರಿಲ್ 1ರಿಂದ ಬಂದದ್ದು. 1994ರಿಂದ ಅಲ್ಲಿಯವರೆಗೆ ಇಂಥ ಗಡುವೇ ಇರಲಿಲ್ಲ. ಹಾಗಾಗಿ "ಆತುರ ಬೇಡ, ಮೊದಲು ಕಾಲು ಸರಿಹೋಗಲಿ" ಎನ್ನುವ ಹಿರಿಯರ ಮಾತು ಅವರ ಕಾಲಕ್ಕೆ ಸರಿಯಿತ್ತು. ಈ ಗಡುವನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟಿಗೆ ಹೋಗಿವೆ, ತಡವಾಯಿತೆಂದು ವಜಾ ಮಾಡಬೇಡಿ ಎಂಬ ಮಧ್ಯಂತರ ಆದೇಶ 2025ರಲ್ಲಿ ಬಂದಿದೆ. ಅದನ್ನು ನೆಚ್ಚಿಕೊಂಡು ಮನೆಯಲ್ಲಿ ಕೂರಬೇಡಿ. ಅರ್ಜಿಯನ್ನು ಅಪಘಾತ ನಡೆದ ಊರಲ್ಲೇ ಹಾಕಬೇಕೆಂದಿಲ್ಲ, ನೀವು ವಾಸವಿರುವ ಕಡೆಯೂ ಹಾಕಬಹುದು. ಶಿರಾಡಿ ಘಾಟಿಯಲ್ಲಿ ಅಪಘಾತವಾದ ಬೀದರಿನವರು ಪ್ರತಿ ವಾಯಿದೆಗೂ ಅಷ್ಟು ದೂರ ಓಡಾಡಬೇಕಿಲ್ಲ. ವಕೀಲರಿಗೆ ಕೊಡಲು ದುಡ್ಡಿಲ್ಲದಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿ ಇದೆ, ಸಹಾಯವಾಣಿ 15100.

ದುಡ್ಡಿನ ಲೆಕ್ಕ ಹೇಗೆ ಹಾಕುತ್ತಾರೆ ಅಂತ ಎಲ್ಲರಿಗೂ ಕುತೂಹಲ. ಕೇಳಲು ಕಷ್ಟದ ಲೆಕ್ಕ ಅದು, ಆದರೂ ಹೇಳುತ್ತೇನೆ. ಒಬ್ಬ ಗಾರೆ ಕೆಲಸದವನು, ವಯಸ್ಸು 30, ತಿಂಗಳಿಗೆ 18,000 ದುಡಿಯುತ್ತಿದ್ದ. ಮನೆಯಲ್ಲಿ ಹೆಂಡತಿ, ಎರಡು ಮಕ್ಕಳು, ತಾಯಿ. ಆತ ತೀರಿಕೊಂಡರೆ, ಮುಂದೆ ದುಡಿಮೆ ಹೆಚ್ಚುತ್ತಿತ್ತು ಅಂತ ನ್ಯಾಯಮಂಡಳಿ ಶೇ 40 ಸೇರಿಸುತ್ತದೆ. ಸ್ವಂತ ಉದ್ಯೋಗದವರಿಗೆ, 40ರೊಳಗಿನ ವಯಸ್ಸಿಗೆ ಅದು 2017ರ ಸಂವಿಧಾನ ಪೀಠದ ಸೂತ್ರ. 25,200 ಆಯಿತು. ವರ್ಷಕ್ಕೆ 3,02,400. ಅವಲಂಬಿತರು ನಾಲ್ವರು, ಆದ್ದರಿಂದ ಆತನ ಸ್ವಂತ ಖರ್ಚೆಂದು ಕಾಲು ಭಾಗ ಕಳೆಯುತ್ತಾರೆ: 2,26,800. ಅದನ್ನು 17ರಿಂದ ಗುಣಿಸಬೇಕು. 26ರಿಂದ 30ರ ವಯಸ್ಸಿಗೆ ಗುಣಕ 17, ಇದು 2009ರಲ್ಲೇ ಬಂದ ಸುಪ್ರೀಂ ಕೋರ್ಟಿನ ಇನ್ನೊಂದು ತೀರ್ಪಿನ ಪಟ್ಟಿ. ಬಂದದ್ದು 38,55,600. ಅದರ ಮೇಲೆ ಅಂತ್ಯಕ್ರಿಯೆಯ ಖರ್ಚು, ಸಾಂಗತ್ಯದ ನಷ್ಟ ಇತ್ಯಾದಿ ಸಣ್ಣ ಮೊತ್ತಗಳು ಸೇರುತ್ತವೆ.

ಈಗ ಆತನ ದುಡಿಮೆಗೆ ಕಾಗದವೇ ಇಲ್ಲ ಅಂತ ಇಟ್ಟುಕೊಳ್ಳಿ. ಕೂಲಿ ಕೈಗೇ ಬರುತ್ತಿತ್ತು. ನ್ಯಾಯಮಂಡಳಿ ಅಂದಾಜಿನ ಮೇಲೆ 12,000 ಅಂತ ಹಿಡಿದರೆ ಅದೇ ಲೆಕ್ಕ 25,70,400ಕ್ಕೆ ಇಳಿಯುತ್ತದೆ. ವ್ಯತ್ಯಾಸ 12,85,200. ಮೇಸ್ತ್ರಿ ಕೂಲಿಯನ್ನು ಬ್ಯಾಂಕ್ ಖಾತೆಗೆ ಹಾಕಲಿ ಅಂತ ನಾನು ಸಿಕ್ಕಸಿಕ್ಕವರಿಗೆಲ್ಲ ಹೇಳುವುದು ಇದಕ್ಕೇ. ಕಾರ್ಮಿಕ ಇಲಾಖೆಯ ಗುರುತಿನ ಚೀಟಿ, ಪಾಸ್‌ಬುಕ್ಕು, ಫೋನ್‌ಪೇ ಸಂದೇಶ, ಯಾವುದಾದರೂ ಇರಲಿ.

ಸಾಯದೆ ಅಂಗ ಊನವಾದರೆ ಲೆಕ್ಕ ಬೇರೆ. ಡಾಕ್ಟರು ಕೊಡುವ ಶೇಕಡಾವಾರು ಒಂದು, ದುಡಿಮೆ ಎಷ್ಟು ಹೋಯಿತು ಎನ್ನುವುದು ಇನ್ನೊಂದು. 2011ರ ತೀರ್ಪೊಂದರಲ್ಲಿ ಸುಪ್ರೀಂ ಕೋರ್ಟೇ ಕೊಟ್ಟ ಉದಾಹರಣೆ ಇದು: ಎಡಗೈ ಕಳೆದುಕೊಂಡವನು ಡ್ರೈವರ್ ಅಥವಾ ಬಡಗಿಯಾದರೆ ದುಡಿಮೆ ಹೆಚ್ಚುಕಡಿಮೆ ಪೂರ್ತಿ ಹೋದಂತೆ, ಅವನೇ ಸರ್ಕಾರಿ ಗುಮಾಸ್ತನಾಗಿದ್ದರೆ ಕೆಲಸ ಉಳಿಯಬಹುದು. ಅದಕ್ಕೇ ನೀವು ಏನು ಕೆಲಸ ಮಾಡುತ್ತಿದ್ದಿರಿ, ಆ ಕೆಲಸಕ್ಕೆ ಯಾವ ಕೈ, ಯಾವ ಕಾಲು ಬೇಕಿತ್ತು ಅಂತ ನ್ಯಾಯಮಂಡಳಿಗೆ ಬಿಡಿಸಿ ಹೇಳಬೇಕು.

ಗುದ್ದಿ ಓಡಿಹೋದ ಗಾಡಿ ಸಿಗಲೇ ಇಲ್ಲ ಅಂದರೆ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ಸರ್ಕಾರದ ಯೋಜನೆಯಲ್ಲಿದೆ. ಕೋರ್ಟಿಗಲ್ಲ, ಕಂದಾಯ ಇಲಾಖೆಗೆ ಅರ್ಜಿ ಹಾಕಬೇಕು. ಸುಮಾರು ಜನಕ್ಕೆ ಇದು ಇದೆ ಅಂತಲೇ ಗೊತ್ತಿಲ್ಲ.

ಇಷ್ಟು ಹೇಳಿದ ಮೇಲೂ ಹುರುಳಿ ಮೇಲೆ ಜಾರಿದವರ ಪ್ರಶ್ನೆ ಹಾಗೇ ಉಳಿಯಿತು. ಎದುರಾಳಿ ಗಾಡಿ ಇಲ್ಲದ ಅಪಘಾತಕ್ಕೆ ಕಾನೂನಿನಲ್ಲಿ ನಾನು ಕೊಡಬಹುದಾದದ್ದು ಬಹಳ ಕಡಿಮೆ. ಹಾಗಾಗಿ ವಕೀಲೆ ಆಗಿದ್ದೂ ಗಾಡಿ ಓಡಿಸುವ ಬಗ್ಗೆ ಮಾತಾಡುತ್ತೇನೆ. ಇಪ್ಪತ್ತು ವರ್ಷ ಸ್ಕೂಟರ್ ಓಡಿಸಿದ ಅನುಭವ, ಎರಡು ಸಲ ಬಿದ್ದ ಅನುಭವ, ನೂರಾರು ಸ್ಪಾಟ್ ಮಹಜರು ಓದಿದ ಅನುಭವ, ಎಲ್ಲ ಸೇರಿಸಿ.

ಬ್ರೇಕು. ಹಿಂದಿನ ಬ್ರೇಕನ್ನೇ ತುಳಿಯುವ ಅಭ್ಯಾಸ ನಮ್ಮಲ್ಲಿ ಬಹಳ. ಮುಂದಿನದು ಹಿಡಿದರೆ ಪಲ್ಟಿ ಹೊಡೆಯುತ್ತೆ ಅಂತ ಯಾರೋ ಹೆದರಿಸಿರುತ್ತಾರೆ. ಬ್ರೇಕ್ ಹಾಕಿದಾಗ ಗಾಡಿಯ ಭಾರ ಮುಂದಕ್ಕೆ ವಾಲುತ್ತದೆ, ಹಿಂದಿನ ಚಕ್ರ ಹಗುರಾಗುತ್ತದೆ, ಹಗುರಾದ ಚಕ್ರಕ್ಕೆ ಹಿಡಿತ ಎಲ್ಲಿಂದ ಬರಬೇಕು? ಒಣ ರಸ್ತೆಯಲ್ಲಿ ಗಾಡಿ ನೆಟ್ಟಗಿದ್ದಾಗ ಎರಡೂ ಬ್ರೇಕು, ಮುಂದಿನದು ಹೆಚ್ಚು, ಹಿಂಡುತ್ತಾ ಹೋಗಬೇಕು, ಒಮ್ಮೆಲೇ ಜಗ್ಗಬಾರದು. ಹುರುಳಿ, ರಾಗಿ ಹುಲ್ಲು, ಮರಳು, ಜಲ್ಲಿಪುಡಿ, ಮೊದಲ ಮಳೆಗೆ ಎಣ್ಣೆ ತೇಲುವ ಡಾಂಬರು, ಇವುಗಳ ಮೇಲೆ ಮಾತ್ರ ಲೆಕ್ಕ ತಿರುಗುತ್ತದೆ. ಅದರ ಮೇಲೆ ಹೋದ ನಂತರ ಬ್ರೇಕ್ ಹಿಡಿದರೆ ಮುಂದಿನ ಚಕ್ರ ಲಾಕ್ ಆಗಿ ಜಾರುತ್ತದೆ. ವೇಗ ಇಳಿಸುವುದೆಲ್ಲ ಅದಕ್ಕೆ ಮುಂಚೆ ಮುಗಿದಿರಬೇಕು. ಮೇಲೆ ಹೋಗುವಾಗ ಹ್ಯಾಂಡಲ್ ನೇರ, ಬ್ರೇಕಿನಿಂದ ಬೆರಳು ಆಚೆ. 125 ಸಿಸಿ ಮೇಲಿನ ಬೈಕುಗಳಿಗೆ 2019ರಿಂದ ಎಬಿಎಸ್, ಅಂದರೆ ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ, ಕಡ್ಡಾಯವಾಗಿದೆ. ನಮ್ಮಲ್ಲಿ ಹೆಚ್ಚಿನವರ ಹತ್ತಿರ ಇರುವುದು ಸಣ್ಣ ಗಾಡಿ, ಅದರಲ್ಲಿ ಸಾಮಾನ್ಯವಾಗಿ ಇರುವುದು ಸಿಬಿಎಸ್ ಅಷ್ಟೇ. ಅದು ಎರಡೂ ಚಕ್ರಕ್ಕೆ ಬ್ರೇಕ್ ಹಂಚುತ್ತದೆ, ಲಾಕ್ ಆಗುವುದನ್ನು ತಡೆಯುವುದಿಲ್ಲ.

ವೇಗದ ಲೆಕ್ಕವನ್ನೂ ಮಾಡಿ ನೋಡಿ. ಅಪಾಯ ಕಂಡು ಕೈ ಬ್ರೇಕಿಗೆ ಹೋಗಲು ಒಂದು ಸೆಕೆಂಡ್ ಬೇಕೆಂದು ಇಟ್ಟುಕೊಂಡರೆ, ಒಳ್ಳೆಯ ಟೈರು, ಒಣ ರಸ್ತೆಯಲ್ಲಿ ಗಂಟೆಗೆ 40 ಕಿ.ಮೀ. ವೇಗದ ಬೈಕು ನಿಲ್ಲಲು ಸುಮಾರು 21 ಮೀಟರ್ ಬೇಕು. 60ಕ್ಕೆ 40 ಮೀಟರ್. 80ಕ್ಕೆ 60 ಮೀಟರ್ ದಾಟುತ್ತದೆ. ಕಬ್ಬಿನ ಸೀಜನ್ನಿನಲ್ಲಿ ಮಂಡ್ಯ, ಬಾಗಲಕೋಟೆ, ಬೆಳಗಾವಿ ಕಡೆ ರಾತ್ರಿ ಓಡಾಡಿದವರಿಗೆ ಗೊತ್ತು, ಹಿಂದೆ ಕೆಂಪು ದೀಪವಿಲ್ಲದ ಟ್ರಾಲಿ ಎಷ್ಟು ಹತ್ತಿರ ಬಂದ ಮೇಲೆ ಕಾಣುತ್ತದೆ ಅಂತ. ನಿಮ್ಮ ಹೆಡ್‌ಲೈಟ್ ಎಷ್ಟು ದೂರ ತೋರಿಸುತ್ತದೋ ಅಷ್ಟರೊಳಗೆ ನಿಲ್ಲುವ ವೇಗ ಸಾಕು.

ಹೆಲ್ಮೆಟ್ ಬಗ್ಗೆ ಭಾಷಣ ಬೇಡ ಅಂದುಕೊಂಡಿದ್ದೆ. 2022ರಲ್ಲಿ ದೇಶದಲ್ಲಿ ಹೆಲ್ಮೆಟ್ ಇಲ್ಲದೆ ಸತ್ತವರು 50,029 ಜನ, ಅದರಲ್ಲಿ 14,337 ಜನ ಹಿಂದೆ ಕೂತವರು. ಸಾರಿಗೆ ಸಚಿವಾಲಯದ ಅಂಕಿ ಇದು. ಹೆಲ್ಮೆಟ್ ಕೆಲಸ ಮಾಡುವುದು ಹೊರಗಿನ ಗಟ್ಟಿ ಚಿಪ್ಪಿನಿಂದ ಮಾತ್ರ ಅಲ್ಲ, ಒಳಗಿನ ಥರ್ಮಾಕೋಲ್‌ನಂಥ ಪದರದಿಂದ. ಪೆಟ್ಟು ಬಿದ್ದಾಗ ಆ ಪದರ ಅಪ್ಪಚ್ಚಿಯಾಗಿ ತಲೆ ನಿಧಾನಕ್ಕೆ ನಿಲ್ಲುವಂತೆ ಮಾಡುತ್ತದೆ. ಒಮ್ಮೆ ಅಪ್ಪಚ್ಚಿಯಾದದ್ದು ಮತ್ತೆ ಉಬ್ಬುವುದಿಲ್ಲ, ಆದ್ದರಿಂದ ಬಿದ್ದ ಹೆಲ್ಮೆಟ್ಟನ್ನು ತಮ್ಮನಿಗೆ ದಾಟಿಸಬೇಡಿ. ಪಟ್ಟಿ ಹಾಕದ ಹೆಲ್ಮೆಟ್ ತಲೆಗಿಂತ ಮೊದಲು ಹಾರಿಹೋಗುತ್ತದೆ. ಐಎಸ್‌ಐ ಗುರುತಿನ ಜತೆ ಐಎಸ್ 4151 ಎಂಬ ಸಂಖ್ಯೆ ಇದೆಯೇ ನೋಡಿ. 500 ರೂಪಾಯಿ ದಂಡ ತಪ್ಪಿಸಲು ತಲೆ ಮೇಲೆ ಇಟ್ಟುಕೊಳ್ಳುವ ಅರ್ಧ ಟೋಪಿಯ ಬಗ್ಗೆ ನಾನು ಮಾತಾಡುತ್ತಿಲ್ಲ.

ಹೆಣ್ಣುಮಕ್ಕಳಿಗೆ ಒಂದು ಮಾತು. ಸೆರಗು, ವೇಲು ಹಿಂದಿನ ಚಕ್ರಕ್ಕೆ ಸಿಕ್ಕಿ ಕುತ್ತಿಗೆ ಬಿಗಿದ ಪ್ರಕರಣಗಳ ಮಹಜರು ಓದುವುದು ಬಹಳ ಕಷ್ಟ. ಹಿಂದಿನ ಚಕ್ರದ ಅರ್ಧವನ್ನು ಮುಚ್ಚುವ ಕವಚ, ಹಿಡಿಕೆ, ಕಾಲಿಡುವ ಜಾಗ, ಇವು ಕೇಂದ್ರ ಮೋಟಾರು ವಾಹನ ನಿಯಮ 123ರ ಪ್ರಕಾರ ಇರಲೇಬೇಕು. ಸ್ಟೈಲಿಗಾಗಿ ಸೀರೆ ಗಾರ್ಡ್ ಬಿಚ್ಚಿಸಿದ ಬೈಕಿನಲ್ಲಿ ಕೂರಲು ಕರೆದರೆ, ಬೇಡ ಅನ್ನಿ.

ಮಾತು ಮುಗಿಸಿದ ಮೇಲೆ ಪ್ರಶ್ನೆಗಳಿಗೆ ಸಮಯ ಕೊಟ್ಟರು. ಒಬ್ಬ ಉಪನ್ಯಾಸಕರು ಕೇಳಿದರು, ಮೂವರು ಕೂತಿದ್ದರೆ ಪರಿಹಾರ ಕಟ್ ಆಗುತ್ತದೆಯೇ? ದಂಡ ಖಂಡಿತ ಬೀಳುತ್ತದೆ. ಪರಿಹಾರದ ವಿಷಯದಲ್ಲಿ, ಮೂವರು ಕೂತದ್ದೇ ಅಪಘಾತಕ್ಕೆ ಕಾರಣ ಅಥವಾ ಗಾಯ ಹೆಚ್ಚಲು ಕಾರಣ ಅಂತ ತೋರಿಸದ ಹೊರತು ಬರೀ ಆ ಕಾರಣಕ್ಕೆ ಕಡಿತ ಮಾಡುವಂತಿಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಈ ಉತ್ತರ ಕೇಳಿ ಹುಡುಗರು ಚಪ್ಪಾಳೆ ತಟ್ಟಿದರು. ನನಗೆ ಹೇಳಬಾರದಿತ್ತು ಅನ್ನಿಸಿತು.

ಕೊನೆಗೆ ಎದ್ದ ಹುಡುಗ ಸ್ವಲ್ಪ ಸಂಕೋಚದಿಂದ ಕೇಳಿದ.

"ಮೇಡಂ, ಗಾಡಿ ನಮ್ಮ ಮಾವಂದು. ನಂದು ಎಲ್‌ಎಲ್‌ಆರ್ ಆಗಿದೆ. ದಿನಾ ಫ್ರೆಂಡ್‌ನ ಕೂರಿಸ್ಕೊಂಡು ಬರ್ತೀನಿ. ಏನಾದ್ರೂ ಆದ್ರೆ?"

ನಾನು ಒಂದೊಂದಾಗಿ ಹೇಳಿದೆ. ಎಲ್‌ಎಲ್‌ಆರ್ ಇದ್ದವನು ಹಿಂದೆ ಕೂರಿಸಿಕೊಳ್ಳಬಹುದಾದದ್ದು ಲೈಸೆನ್ಸ್ ಇರುವ, ಕಲಿಸುವವನನ್ನು ಮಾತ್ರ. ಗಾಡಿ ಮಾವನದು, ಆದ್ದರಿಂದ ಮಾಲೀಕನ 15 ಲಕ್ಷದ ವಿಮೆ ನಿನಗೆ ಬರುವುದಿಲ್ಲ. ಫ್ರೆಂಡಿಗೆ ಏನು ಸಿಗುತ್ತದೆ ಎನ್ನುವುದು ಮಾವ ಯಾವ ಪಾಲಿಸಿ ಮಾಡಿಸಿದ್ದಾರೆ ಎನ್ನುವುದರ ಮೇಲಿದೆ, ನಿಯಮ ಮುರಿದದ್ದಕ್ಕೆ ಕಂಪನಿ ತಕರಾರು ತೆಗೆಯುತ್ತದೆ, ಆಮೇಲೆ ಹಣ ವಸೂಲಿಗೆ ಮಾವನ ಮನೆಗೆ ಬರಬಹುದು.

ಹುಡುಗ ಪಕ್ಕದಲ್ಲಿದ್ದ ಗೆಳೆಯನ ಮುಖ ನೋಡಿದ. "ಹಂಗಾದ್ರೆ ಇವತ್ತು ಊರಿಗೆ ಹೋಗೋದು ಹೆಂಗೆ ಮೇಡಂ?"

ನಾನು ಬಾಯಿ ತೆರೆಯುವಷ್ಟರಲ್ಲಿ ಹಿಂದಿನ ಸಾಲಿನಿಂದ ಯಾರೋ ಕೂಗಿದರು: "ಐದೂವರೆಗೆ ಬಸ್ಸಿದೆ ಕಣೋ!"